ಕಣ್ಣಪ್ಪನ ಬೆಟ್ಟ

ತಿರುಪತಿಯಿಂದ ಸುಮಾರು 36 ಕಿಲೋಮೀಟರು ದೂರದಲ್ಲಿ, ಸುವರ್ಣಮುಖಿ ನದಿಯ ದಡದಲ್ಲಿರುವ ಶ್ರೀಕಾಳಹಸ್ತಿಯು ಪಂಚಭೂತಲಿಂಗಗಳಲ್ಲಿ ವಾಯುಲಿಂಗದ ಕ್ಷೇತ್ರ. ಶ್ರೀ ಎಂದರೆ ಜೇಡ, ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ. ಈ ಮೂರೂ ಇಲ್ಲಿ ಶಿವನನ್ನು ಪೂಜಿಸಿ ಮುಕ್ತಿ ಪಡೆದವೆಂಬುದು ಸ್ಥಳಪುರಾಣ. ಹಾವು ಇಟ್ಟ ರತ್ನಗಳನ್ನು ಸರಿಸಿ ಆನೆಯು ನೀರೆರೆದು ಬಿಲ್ವಪತ್ರೆ ಏರಿಸುತ್ತಿತ್ತು. ಒಂದರ ಪೂಜೆ ಇನ್ನೊಂದಕ್ಕೆ ಕಸವಾಗಿ ಕಂಡಿತು. ಶಿವನು ಮಾತ್ರ ಎರಡನ್ನೂ ಒಪ್ಪಿಕೊಂಡನು.

ಕೃಷ್ಣದೇವರಾಯನು 1516ರಲ್ಲಿ ಕಟ್ಟಿಸಿದ ರಾಜಗೋಪುರವು 2010ರ ಮೇ 26ರಂದು ಕುಸಿದುಬಿದ್ದಿತು. ಅದರ ಸ್ಥಾನದಲ್ಲಿ ಕಟ್ಟಿದ ಹೊಸ ಗೋಪುರಕ್ಕೆ 2017ರಲ್ಲಿ ಕುಂಭಾಭಿಷೇಕವಾಯಿತು. ನಾವು ದರ್ಶನಕ್ಕೆ ಹೋದಾಗ ರಾಹು-ಕೇತು ಪೂಜೆಗೆ ನಿಂತವರ ಸಾಲು ಬಹು ಉದ್ದವಾಗಿತ್ತು. ಮದುವೆ ಕೂಡಿಬರಲಿ, ಸಂತಾನವಾಗಲಿ, ದೋಷ ಕಳೆಯಲಿ ಎಂಬ ಬೇಡಿಕೆಗಳು. ಕಷ್ಟದಲ್ಲಿರುವವರು ದೇವರಲ್ಲಿ ಬೇಡುವುದು ಸಹಜ, ಅವರನ್ನು ಹಳಿಯಲಾಗದು.

ಗುಡಿಯ ಪಕ್ಕದ ಬೆಟ್ಟವನ್ನೇರಿದರೆ ಏನನ್ನೂ ಬೇಡದವನೊಬ್ಬನ ಗುಡಿಯಿದೆ. ಅವನು ಅರವತ್ತುಮೂವರು ಪುರಾತನರಲ್ಲೊಬ್ಬನಾದ ಬೇಡರ ಕಣ್ಣಪ್ಪ. ಬಸವಾದಿ ಶರಣರು ಅವನನ್ನು ನೆನೆದಿದ್ದಾರೆ. ಹರಿಹರ ಮಹಾಕವಿ ಅವನ ಮೇಲೆ ರಗಳೆಯನ್ನೇ ರಚಿಸಿದ್ದಾನೆ. ಬಾಯಲ್ಲಿ ತಂದ ನೀರಿನ ಅಭಿಷೇಕ, ತಾನು ರುಚಿ ನೋಡಿದ ಮಾಂಸದ ನೈವೇದ್ಯ, ಮುಡಿಯಲ್ಲಿ ತಂದ ಹೂವು: ಇಷ್ಟೇ ಅವನ ಪೂಜೆ. ಅದನ್ನು ಕಂಡು ಅರ್ಚಕ ಶಿವಗೋಚರಿಯು ನೊಂದು, ಸ್ಥಳವನ್ನು ತೊಳೆದು ಶುದ್ಧಿ ಮಾಡಿದನು. ಒಂದು ದಿನ ಲಿಂಗದ ಕಣ್ಣಿನಿಂದ ರಕ್ತ ಸುರಿಯಲು, ಬೇಡನು ತನ್ನ ಕಣ್ಣನ್ನು ಕಿತ್ತು ಅಲ್ಲಿಟ್ಟನು. ಇನ್ನೊಂದು ಕಣ್ಣೂ ಸೋರತೊಡಗಿದಾಗ, ಕುರುಡನಾದ ಮೇಲೆ ಸ್ಥಳ ತಪ್ಪಬಾರದೆಂದು ಅಲ್ಲಿ ಪಾದವನ್ನೂರಿ, ಉಳಿದ ಕಣ್ಣಿಗೂ ಬಾಣವೆತ್ತಿದನು. ಶಿವನೇ ತಡೆದು ಕೈಹಿಡಿದನು.

ಇಲ್ಲಿ ಮಾಂಸವಾಗಲಿ ಎಂಜಲಾಗಲಿ ನಮಗೆ ಪಾಠವಲ್ಲ. ಶಿವಗೋಚರಿಯ ಭಕ್ತಿಯನ್ನೂ ಶಿವನು ತಳ್ಳಲಿಲ್ಲ. ಮರೆಯಲ್ಲಿ ನಿಲ್ಲಿಸಿ, ಬೇಡನ ಹೃದಯವನ್ನು ತೋರಿಸಿದನು. ಸ್ನಾನ, ಮಡಿ, ವಿಭೂತಿಗಳೆಲ್ಲ ಭಕ್ತಿಗೆ ಸಹಾಯಕಗಳು. ಆದರೆ ಪಕ್ಕದವನ ಪೂಜೆಯನ್ನು ಅಳೆಯುವ ಕೋಲಾಗಿ ಅವು ಬಳಕೆಯಾದರೆ, ಮೈ ಶುದ್ಧವಾಗಿದ್ದೂ ಮನಸ್ಸು ಮೈಲಿಗೆಯಾಗುತ್ತದೆ. ಫಲವನ್ನೆಣಿಸಿ ಮಾಡಿದ ಪೂಜೆ ವ್ಯಾಪಾರವಾಗಿಬಿಡುತ್ತದೆ.

ನಿತ್ಯವೂ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದು ಕೂರುವ ನಾವು ಬೇಡುವ ಮುನ್ನ, ಕೊಡಲು ನಮ್ಮಲ್ಲಿ ಏನಿದೆಯೆಂದು ಕೇಳಿಕೊಳ್ಳಬೇಕು. ಕಾಳಹಸ್ತಿಯ ಮಹಾಶಿವರಾತ್ರಿ ಬ್ರಹ್ಮೋತ್ಸವದಲ್ಲಿ ಮೊದಲ ಧ್ವಜವು ಏರುವುದು ಈ ಬೆಟ್ಟದ ಮೇಲೆ, ಕಣ್ಣಪ್ಪನ ಹೆಸರಿನಲ್ಲಿ. ಕಾಳಹಸ್ತೀಶ್ವರನ ಧ್ವಜಾರೋಹಣವು ಅದರ ನಂತರ.