ಗಿಡಕ್ಕೆ ನೀರಡಿಕೆ

ಹಿರೇಕೊಟ್ನೆಕಲ್ಲಿನಲ್ಲಿ ಬೆಳಗಿನ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಅರಳಿ, ಬೇವು ತಬ್ಬಿ ಬೆಳೆದ ಕಟ್ಟೆ. ಬುಡದಲ್ಲಿ ನಾಗರಕಲ್ಲುಗಳು; ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಹೆಡೆಗಳ ಗೆರೆಯೇ ಅಳಿಸಿಹೋಗಿದೆ. ವಯಸ್ಸಾದ ತಾಯಿಯೊಬ್ಬರು ತಾಮ್ರದ ತಂಬಿಗೆಯಿಂದ ಅರಳಿಯ ಬೇರಿಗೆ ನೀರು ಹನಿಸುತ್ತಿದ್ದರು. ಅಂದು ಆಗಿ ಹುಣ್ಣಿಮೆ. ಅದೇ ಬುದ್ಧ ಪೂರ್ಣಿಮೆಯೂ ಹೌದು.

"ಯಮ್ಮಾ, ಇವತ್ತು ಬುದ್ಧ ಹುಟ್ಟಿದ ದಿನ ಅಂತ ನೀರು ಹಾಕ್ತೀರೇನ್ರಿ?"

"ಅದೇನೋ ನನಗ ತಿಳೀದು ಯಪ್ಪಾ. ಇಂಥ ಬಿಸಲಾಗ ಗಿಡಕ್ಕ ನೀರಡಿಕಿ ಆಗೂದಿಲ್ಲೇನು?"

ಈ ಸೀಮೆಯಲ್ಲಿ ಎಷ್ಟೇ ದೊಡ್ಡ ಮರವೂ ಗಿಡವೇ.

ಯುರೋಪು, ಅಮೆರಿಕಗಳಲ್ಲಿ ತಮ್ಮನ್ನು ಪೇಗನ್ ಎಂದು ಕರೆದುಕೊಂಡು ಮರ, ಹೊಳೆ, ಹುಣ್ಣಿಮೆಗಳಿಗೆ ಕೈಮುಗಿಯುವ ಹೊಸ ಕಾಲದವರಿದ್ದಾರೆ. ಬುದ್ಧನ ಧ್ಯಾನವನ್ನೂ ಜೊತೆಗಿಟ್ಟುಕೊಂಡವರು ಅವರಲ್ಲುಂಟು. 1985ರಲ್ಲಿ ಬೌದ್ಧ ಚಿಂತಕಿ ಜೊವಾನಾ ಮೇಸಿ ಮತ್ತು ಮಳೆಕಾಡಿಗಾಗಿ ಹೋರಾಡುತ್ತಿದ್ದ ಜಾನ್ ಸೀಡ್ ಆಸ್ಟ್ರೇಲಿಯಾದಲ್ಲಿ ಒಂದು ಆಚರಣೆ ಕಟ್ಟಿದರು: ಸೇರಿದವರು ಮುಖವಾಡ ತೊಟ್ಟು ನದಿಯಾಗಿ, ಹದ್ದಾಗಿ, ಬೆಟ್ಟವಾಗಿ ಮಾತಾಡಬೇಕು. ಓದಿದಾಗ ನಕ್ಕಿದ್ದೆ. ಪೇಗನ್ ಎಂಬುದರ ಲ್ಯಾಟಿನ್ ಮೂಲಕ್ಕೆ 'ಹಳ್ಳಿಯವ' ಎಂಬ ಅರ್ಥವೂ ಇದೆಯೆಂದು ತಿಳಿದ ಮೇಲೆ ನಗು ನಿಂತಿತು. ಹಾಗಂತ ತಂಬಿಗೆ ಹಿಡಿದ ಈ ತಾಯಿಗೆ ಪೇಗನ್, ಬೌದ್ಧ ಎಂದು ಹೆಸರಿಡಹೋದರೆ ನಮ್ಮದು ಅಧಿಕಪ್ರಸಂಗ.

ಸಿಂಧನೂರು ಹಾದು ಮಸ್ಕಿ ಮುಟ್ಟಿದಾಗ ನೆತ್ತಿ ಸುಡುತ್ತಿತ್ತು. ಗುಡ್ಡದ ಬಂಡೆಗಳ ನಡುವೆ ತಲೆ ತಗ್ಗಿಸಿ ನಿಂತೆ. ಎದುರಿಗೆ, 1915ರಲ್ಲಿ ಚಿನ್ನದ ಜಾಡು ಹಿಡಿದಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬ್ರಾಹ್ಮಿ ಅಕ್ಷರಗಳು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ'ನಂಥ ಬಿರುದುಗಳಲ್ಲೇ ಇದ್ದ ದೊರೆ ಇಲ್ಲಿ ಅಶೋಕನೆಂದು ಹೆಸರು ಹೇಳಿಕೊಂಡ. ಚಿನ್ನಕ್ಕಿಂತ ದೊಡ್ಡ ನಿಧಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹೆಸರಲ್ಲ, ಅದರ ಮುಂದಿನ ಮಾತು. ಜಂಬೂದ್ವೀಪದಲ್ಲಿ ಮೊದಲು ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರಂತೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಇದು ಸಾಧ್ಯವಂತೆ! ಪಂಡಿತರು ಇದಕ್ಕೆ ಬಗೆಬಗೆಯ ಅರ್ಥ ಹಚ್ಚಿದ್ದಾರೆ. ನನಗೆ ಕಂಡದ್ದು ಬೆಳಗಿನ ಕಟ್ಟೆ. ಬಂಡೆಗೆ ಕೈ ಚಾಚಿದೆ, ಮುಟ್ಟಲಿಲ್ಲ. ಕಾದ ಕಲ್ಲಿನ ಬಿಸಿ ಅಂಗೈಗೆ ಉಸಿರಿನಂತೆ ತಾಗಿತು.

ಮರುದಿನ ಭೀಮೆಯ ದಂಡೆಯ ಸನ್ನತಿ. 1986ರಲ್ಲಿ ಇಲ್ಲಿಯ ಕಾಳಿ ಗುಡಿಯ ಚಾವಣಿ ಕುಸಿದಾಗ ದೇವಿಯ ಪೀಠದಲ್ಲಿ ಸಿಕ್ಕಿದ್ದು ಅಶೋಕನ ಶಾಸನ. ಪರರ ಧರ್ಮವನ್ನೂ ಗೌರವಿಸಿ ಎನ್ನುವ ಹನ್ನೆರಡನೆಯ ಶಾಸನ ಆ ಕಲ್ಲಿನಲ್ಲೇ ಇದೆ! ಪ್ರಾಣಿಬಲಿ ಬೇಡವೆಂದ ದೊರೆಯ ಮಾತಿನ ಮೇಲೆ ಕಾಳಿ ಎಷ್ಟು ಕಾಲ ನಿಂತಿದ್ದಳೋ! ಜಗಳವಾಡಿದರೋ, ಹೊಂದಿಕೊಂಡರೋ, ಅಥವಾ ಯಾರೋ ಒಳ್ಳೆಯ ಚಪ್ಪಡಿ ಸಿಕ್ಕಿತೆಂದು ಎತ್ತಿ ಹಾಕಿದರೋ? ಮೂರನೆಯದೇ ಇರಬೇಕೆಂದು ನನ್ನ ಗುಮಾನಿ. ಬೆರಗು ಅದರಿಂದೇನೂ ಕಡಿಮೆಯಾಗಲಿಲ್ಲ.

ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯರೊಡನೆ ನಿಂತ ಅಶೋಕನ ಕೆತ್ತನೆ ಸಿಕ್ಕಿದೆ, ಮೇಲೆ 'ರಾಯೋ ಅಸೋಕೋ' ಎಂಬ ಬರಹ. ಅದನ್ನು ನೋಡಲೆಂದೇ ಜನ ಬರುತ್ತಾರೆ. ನಾನು ಹುಡುಕಿದ್ದು ಬೋಧಿವೃಕ್ಷದ ಫಲಕಗಳನ್ನು. ಬುದ್ಧನ ಆಕಾರವಿಲ್ಲ, ಮರ, ಅದರಡಿ ಖಾಲಿ ಪೀಠ, ಸುತ್ತ ಕೈಮುಗಿದ ಜನ. ಸುಣ್ಣಕಲ್ಲಿನಲ್ಲಿ ಒಂದೊಂದು ಎಲೆಯೂ ಬೇರೆಯಾಗಿ ಕಾಣುತ್ತದೆ. ಆ ಕೈಗಳಲ್ಲಿ ಎಲ್ಲಾದರೂ ಒಂದು ತಂಬಿಗೆ ಇದ್ದೀತೇ ಎಂದು ಹೊತ್ತು ಮುಳುಗುವವರೆಗೂ ನೋಡುತ್ತಲೇ ಇದ್ದೆ.