ಅಮ್ಮಿ ಹುಡುಕಿದ ಪುಟ್ಟ ತೂತು

ಮನೆಯ ಹಿರಿಯರಿಗೆ ಹೊಸ ಮೊಬೈಲ್ ಕೊಡಿಸುವ ಯೋಚನೆಯಲ್ಲಿದ್ದೀರಾ? ಹಾಗಾದರೆ ಹರಿಹರದ ನಮ್ಮ ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ಕೇಳಿ.

ನನ್ನ ಜೊತೆಗಿರುವ ಅಮ್ಮಿಗೆ ಎಪ್ಪತ್ತು ದಾಟಿದೆ. ಕಿವಿ ಸ್ವಲ್ಪ ಮಂದ. ಇಶಾ ನಮಾಝ್ ಮುಗಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕುರ್‌ಆನ್ ಪಾರಾಯಣ ಕೇಳುತ್ತಾ ಮಲಗುವುದು ಅವರ ರೂಢಿ. ನಮ್ಮದು ಎರಡು ಕೋಣೆಯ ಮನೆ. ಪಕ್ಕದಲ್ಲೇ ಮಕ್ಕಳ ಓದು. ಜೋರಾಗಿ ಹಾಕಿದರೆ ಅವರಿಗೆ ತೊಂದರೆಯೆಂಬ ಕಾಳಜಿ ಅಮ್ಮಿಗೆ.

ಹಳೆಯ ಫೋನ್ ಕೆಟ್ಟಾಗ ಮಗ ತನ್ನ ದುಬಾರಿ ಫೋನನ್ನೇ ಪ್ರೀತಿಯಿಂದ ನಾನಿಗೆ ಕೊಟ್ಟ. ಆ ರಾತ್ರಿ ಅಮ್ಮಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬೇಟಿ, ಇದರ ತೂತು ಎಲ್ಲಿ?" ಎಂದು ಕೇಳಿದರು. ತೂತೇ ಇರಲಿಲ್ಲ!

ಈ ತೂತಿಗೂ ಒಂದು ಚರಿತ್ರೆಯಿದೆ. 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ದಪ್ಪ ಜ್ಯಾಕ್‌ನ ಚಿಕ್ಕ ರೂಪವೇ 3.5 ಮಿಲಿಮೀಟರ್ ಜ್ಯಾಕ್. ಟ್ರಾನ್ಸಿಸ್ಟರ್ ರೇಡಿಯೋ, 1979ರ ಸೋನಿ ವಾಕ್‌ಮನ್ ಇದನ್ನು ಮನೆಮನೆಗೆ ತಂದವು. ನಾವು ಮಲಗಿದ ಮೇಲೆ ಅಬ್ಬಾ ಕೂಡ ಒಂದೇ ಕಿವಿಯ ವೈರು ಸಿಕ್ಕಿಸಿ ರೇಡಿಯೋ ವಾರ್ತೆ ಕೇಳುತ್ತಿದ್ದರು. 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಲ್ಲಿ ಜ್ಯಾಕ್ ಕೈಬಿಟ್ಟಿತು. 2019ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 10 ಕೂಡ ಅದೇ ದಾರಿ ಹಿಡಿಯಿತು.

"ಜ್ಯಾಕ್ ತೆಗೆದರೆ ಒಳಗೆ ಜಾಗ ಉಳಿಯುತ್ತದೆ, ವೈರು ಸಿಕ್ಕುಗಟ್ಟುವ ರಗಳೆಯಿಲ್ಲ" ಎನ್ನುತ್ತಾನೆ ಮಗ. ಅವನ ಮಾತು ಸುಳ್ಳಲ್ಲ. ಬಸ್ಸಿನಲ್ಲಿ ದಾವಣಗೆರೆಯ ಕಾಲೇಜಿಗೆ ಹೋಗುವ ಅವನಿಗೆ ವೈರಿಲ್ಲದ್ದೇ ಹಿತ. ಆದರೆ ಅಮ್ಮಿಗೆ? ಆ ಪುಟ್ಟ ಬಡ್ಸ್ ಕಿವಿಯಿಂದ ಜಾರಿ ಮಂಚದಡಿ ಸೇರುತ್ತಿತ್ತು. ಅದಕ್ಕೂ ಚಾರ್ಜ್ ಮಾಡಬೇಕು. ಬ್ಲೂಟೂತ್ ಜೋಡಿಸಲು ಪ್ರತಿ ರಾತ್ರಿ ಮೊಮ್ಮಗನನ್ನು ಕರೆಯಬೇಕು. ನಾಲ್ಕನೆಯ ದಿನ ಅಮ್ಮಿ, "ಬಿಡು ಬೇಟಿ, ನಿಮಗೆಲ್ಲ ಯಾಕೆ ತೊಂದರೆ" ಎಂದು ಕೇಳುವುದನ್ನೇ ನಿಲ್ಲಿಸಿಬಿಟ್ಟರು. ನನ್ನ ಕರುಳು ಚುರ್ರೆಂದಿತು.

ಚಾರ್ಜರ್ ತೂತಿಗೆ ಸಿಕ್ಕಿಸುವ ಕನೆಕ್ಟರ್ ತಂದೆ. ಸದ್ದೇ ಬರಲಿಲ್ಲ. ಕೆಲವು ಫೋನ್‌ಗಳಿಗೆ ಒಳಗೆ ಚಿಪ್ ಇರುವ ಕನೆಕ್ಟರೇ ಬೇಕಂತೆ. ಅದನ್ನೂ ತಂದದ್ದಾಯಿತು. ಆದರೆ ಕೇಳುವಾಗ ಚಾರ್ಜ್ ಮಾಡುವಂತಿಲ್ಲ! ಕೊನೆಗೆ ಕಡಿಮೆ ಬೆಲೆಯ ಫೋನೊಂದನ್ನು ಕೊಂಡೆವು. ದುಬಾರಿ ಫೋನ್‌ನಲ್ಲಿ ಇಲ್ಲದ ಜ್ಯಾಕ್ ಅದರಲ್ಲಿತ್ತು.

ಗೊತ್ತಿಲ್ಲದ್ದನ್ನು ಕೇಳಿ ತಿಳಿಯಿರಿ ಎಂದು ತರಗತಿಯಲ್ಲಿ ಮಕ್ಕಳಿಗೆ ದಿನವೂ ಹೇಳುವ ಶಿಕ್ಷಕಿ ನಾನು. ಆದರೆ ನಿಮಗೇನು ಬೇಕೆಂದು ಅಮ್ಮಿಯನ್ನು ಮಾತ್ರ ಕೇಳಿರಲಿಲ್ಲ. ಯುವಕರಿಗೆ ಜ್ಯಾಕ್ ಬೇಡವಾಗಿರಬಹುದು. ಯಾರನ್ನೂ ಕರೆಯದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಯಸುವ ಹಿರಿಯರಿಗೆ ಅದು ಇನ್ನೂ ಬೇಕು.

ಆದ್ದರಿಂದ ಸಹೋದರಿಯರೇ, ಅಂಗಡಿಗೆ ಹೋಗುವಾಗ ಅವರ ಇಯರ್‌ಫೋನನ್ನೂ ಜೊತೆಗೊಯ್ಯಿರಿ. ಸಿಕ್ಕಿಸಿ, ಕೇಳಿಸಿ, ಆಮೇಲೆ ಹಣ ಕೊಡಿ. ಸಾಧ್ಯವಾದರೆ ಅವರನ್ನೇ ಕರೆದೊಯ್ಯಿರಿ.

ಈಗ ರಾತ್ರಿ ನಮ್ಮ ಮನೆ ಸದ್ದಿಲ್ಲದೆ ಮಲಗುತ್ತದೆ. ಅಮ್ಮಿಯ ಕಿವಿಯಲ್ಲಿ ಮಾತ್ರ ಪಾರಾಯಣ ನಡೆದಿರುತ್ತದೆ.