ಸ್ಪ್ರಿಂಗಿನ ಬಿಗಿ

ಲೋಕದಲ್ಲಿ ಮುಂದಕ್ಕೆ ನೂಕುವವರಿಗೆ ದೊರೆಯುವ ಮನ್ನಣೆ ಹಿಂದಕ್ಕೆ ಕರೆತರುವವರಿಗೆ ದೊರೆಯುವುದಿಲ್ಲ. ಮೋಟಾರುಗಾಡಿಯ ವಿಷಯದಲ್ಲಿಯೂ ಇದೇ ನ್ಯಾಯ. ನೆರೆಮನೆಯವರು ಹೊಸ ಕಾರು ಕೊಂಡರೆ ಅದರ ಅಶ್ವಶಕ್ತಿ ಎಷ್ಟು, ಒಂದು ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು ಕೇಳುತ್ತೇವೆ. ಅದರ ಇಂಜನಿನ ತಲೆಯಲ್ಲಿ ಹೆಬ್ಬೆರಳುದ್ದದ ಕೆಲವು ಸ್ಪ್ರಿಂಗುಗಳು ಕುಳಿತು, ತೆರೆದ ವಾಲ್ವುಗಳನ್ನು ಸೆಕೆಂಡಿಗೆ ಹತ್ತಾರು ಸಲ ಮರಳಿ ಅವುಗಳ ಪೀಠದಲ್ಲಿ ಕೂರಿಸುತ್ತಿರುವುವಲ್ಲ, ಅವುಗಳ ಯೋಗಕ್ಷೇಮವನ್ನು ವಿಚಾರಿಸುವವರು ಯಾರೂ ಇಲ್ಲ. ನನಗೂ ಆ ಯೋಚನೆ ಎಂದೂ ಬಂದಿರಲಿಲ್ಲ. ಹೋದ ವರ್ಷ ಎರಡು ತಿಂಗಳು ನಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಕಾಫಿಯ ಹೊತ್ತಿಗೂ ಅದೇ ಮಾತಾದುದರಿಂದ ಈ ಸಣ್ಣ ವಸ್ತುವಿನ ಪರಿಚಯ ಲಭಿಸಿತು.

ನನ್ನ ತಮ್ಮನು ತೀರಿಕೊಂಡು ಆರು ವರ್ಷಗಳಾದುವು. ಅವನು ಬಿಟ್ಟುಹೋದುದರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಗಾಡಿಯೂ ಉಂಟು. ಇಟಲಿಯ ಫಿಯಟ್ ಕಂಪನಿಯವರು 1953ರಲ್ಲಿ ಹೊರತಂದ 1100 ಎಂಬ ಗಾಡಿಯ ವಂಶಕ್ಕೆ ಸೇರಿದುದು ಇದು. ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಒಂದು ಕಾಲಕ್ಕೆ ದೇಶದ ಯಾವ ಊರಿಗೆ ಹೋದರೂ ಕಣ್ಣಿಗೆ ಬೀಳುತ್ತಿತ್ತು. ಮುಂಬಯಿಯ ಬೀದಿಗಳಿಂದ ಈ ಜಾತಿಯ ಕೊನೆಯ ಟ್ಯಾಕ್ಸಿಯೂ ಮರೆಯಾದುದು 2023ರ ಅಕ್ಟೋಬರಿನಲ್ಲಿ. ತಮ್ಮನು ಪ್ರಾಯದಲ್ಲಿ ಮದರಾಸಿನ ಹತ್ತಿರದ ಷೋಲಾವರಂ ವಿಮಾನಪಟ್ಟಿಗೆ ಹೋಗಿ ಮೋಟಾರು ಪಂದ್ಯಗಳನ್ನು ನೋಡಿಬಂದಿದ್ದನು. ಅಲ್ಲಿ ಫಿಯಟ್ ಗಾಡಿಗಳು ಓಡಿದ ವರ್ಣನೆಯನ್ನು ಮಗನಿಗೆ ಪುರಾಣದಂತೆ ಹೇಳುತ್ತಿದ್ದನು. ಮಗನ ತಲೆಯಲ್ಲಿ ಆ ಪುರಾಣ ಬೇರೂರಿತ್ತು.

ಹೋದ ವರ್ಷ ಇಂಜನು ಎಣ್ಣೆ ಕುಡಿಯಲಾರಂಭಿಸಿ ನೀಲಿ ಹೊಗೆ ಬಿಟ್ಟಿತು. ಪೂರ್ತಿ ಬಿಚ್ಚಿ ಕಟ್ಟಬೇಕೆಂದಾಯಿತು. ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. “ದೊಡ್ಡಪ್ಪ, ಹೇಗೂ ಬಿಚ್ಚುತ್ತೇವೆ. ವಾಲ್ವುಗಳಿಗೆ ಗಟ್ಟಿ ಸ್ಪ್ರಿಂಗು ಹಾಕಿ ಇಂಜನು ಇನ್ನೂ ಜೋರಾಗಿ ತಿರುಗುವ ಹಾಗೆ ಮಾಡಿಬಿಡೋಣ. ಚಿಕ್ಕಮಗಳೂರಿನ ಕಡೆ ಮಣ್ಣಿನ ಕಣದಲ್ಲಿ ಗಡಿಯಾರ ಹಿಡಿದು ಓಡಿಸುವ ಸ್ಪರ್ಧೆಗಳು ನಡೆಯುತ್ತವೆ. ಅಪ್ಪನ ಗಾಡಿಯನ್ನು ಅಲ್ಲಿ ಒಂದು ಸಲ ಓಡಿಸಬೇಕು” ಎಂದನು. ಅವನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನು ಆಚೆಗೆ ಹೋದ ಮೇಲೆ, “ಭಾವ, ನನಗಿರುವವನು ಇವನೊಬ್ಬ. ನಾನು ಬೇಡವೆಂದರೆ ಹಟ ಹಿಡಿಯುತ್ತಾನೆ. ನೀವು ಹೇಗೆ ಹೇಳಿದರೆ ಹಾಗೆ” ಎಂದಳು. ಜನ್ಮವೆಲ್ಲ ಲೆಕ್ಕದ ಪುಸ್ತಕಗಳಲ್ಲಿ ಕಳೆದ ನನ್ನ ಮೇಲೆ ಹೀಗೆ ಇಂಜನಿನ ತೀರ್ಪು ಬಂದು ಬಿದ್ದಿತು. ತಿಳಿಯದೆ ಹೂಂ ಎನ್ನುವುದೂ ಸಲ್ಲದು, ತಿಳಿಯದೆ ಉಹೂಂ ಎನ್ನುವುದೂ ಸಲ್ಲದು ಎಂದುಕೊಂಡು ಹುಡುಗನೊಡನೆ ಮೇಸ್ತ್ರಿಗಳ ಷೆಡ್ಡಿಗೆ ಹೋಗಿಬರತೊಡಗಿದೆನು.

ಅಲ್ಲಿ ತಿಳಿದುಕೊಂಡುದನ್ನು ವಾಚಕರಿಗೆ ನಿವೇದಿಸುತ್ತೇನೆ. ನಮ್ಮ ಗಾಡಿಯ ಇಂಜನಿಗೆ ನಾಲ್ಕು ಸಿಲಿಂಡರುಗಳು. ಒಟ್ಟು 1089 ಘನ ಸೆಂಟಿಮೀಟರುಗಳ ಅವಕಾಶ. ಒಂದೊಂದು ಸಿಲಿಂಡರಿಗೂ ಎರಡೆರಡು ಬಾಗಿಲುಗಳು. ಒಂದು ಪೆಟ್ರೋಲು ಬೆರೆತ ಗಾಳಿ ಒಳಗೆ ಬರಲು, ಇನ್ನೊಂದು ಸುಟ್ಟ ಹೊಗೆ ಹೊರಗೆ ಹೋಗಲು. ಈ ಬಾಗಿಲುಗಳೇ ವಾಲ್ವುಗಳು. ಇವನ್ನು ತೆರೆಯುವುದು ಕ್ಯಾಮ್‌ಶಾಫ್ಟು ಎಂಬ ದಂಡ. ಅದರ ಮೇಲಿನ ಉಬ್ಬು ಒಂದು ಕಡ್ಡಿಯನ್ನು ಮೇಲಕ್ಕೆ ನೂಕುತ್ತದೆ. ಕಡ್ಡಿಯು ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ಏತದ ಮರದಂತೆ ರಾಕರಿನ ಇನ್ನೊಂದು ತುದಿ ಇಳಿದು ವಾಲ್ವನ್ನು ಒತ್ತಿ ತೆರೆಯುತ್ತದೆ. ಇಷ್ಟೆಲ್ಲ ಏರ್ಪಾಡು ತೆರೆಯುವುದಕ್ಕೆ ಮಾತ್ರ. ಮುಚ್ಚುವ ಕೆಲಸಕ್ಕೆ ಇರುವುದು ಸ್ಪ್ರಿಂಗೊಂದೇ. ಇಂಜನು ನಿಮಿಷಕ್ಕೆ 6000 ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟು ಅದರರ್ಧ, 3000 ಸುತ್ತು ತಿರುಗುವುದು. ಎಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಒಂದು ಸಲ ತೆರೆದು ಮುಚ್ಚಲು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಕಾಲವೂ ದೊರೆಯದು.

ವೇಗ ಮಿತಿಯಲ್ಲಿರುವಾಗ ಸ್ಪ್ರಿಂಗು ವಾಲ್ವನ್ನು ಉಬ್ಬಿನ ಬೆನ್ನಿಗೆ ಅಂಟಿಕೊಂಡಂತೆ ಇಳಿಸುತ್ತದೆ. ವೇಗ ಮಿತಿಮೀರಿದರೆ ಉಬ್ಬು ಮುಂದೆ ಸರಿದುಹೋದರೂ ವಾಲ್ವು ಹಿಂದೆಯೇ ಉಳಿಯುತ್ತದೆ. ಮೇಸ್ತ್ರಿಗಳು ಇದನ್ನು ‘ವಾಲ್ವು ತೇಲುವುದು’ ಎನ್ನುತ್ತಾರೆ. ಹಿಂದೆ ನಮ್ಮ ಮನೆಗಳಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಒನಕೆ ಹಾಕುತ್ತಿದ್ದುದನ್ನು ಹಿರಿಯರು ನೋಡಿರಬಹುದು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಒಬ್ಬಳು ಕ್ಷಣ ತಡಮಾಡಿದರೆ ಒನಕೆಗೆ ಒನಕೆ ತಾಕುತ್ತಿತ್ತು. ಇಂಜನಿನಲ್ಲಿಯೂ ಹಾಗೆಯೇ. ವಾಲ್ವು ಮುಚ್ಚಲು ತಡವಾದರೆ ಒಳಗಿನ ಒತ್ತಡ ಸೋರಿ ಶಕ್ತಿ ಕುಗ್ಗುವುದು. ಮುಚ್ಚಿದ ವಾಲ್ವು ಪೀಠಕ್ಕೆ ಬಡಿದು ಪುಟಿಯುವುದು. ಕೆಲವು ಇಂಜನುಗಳಲ್ಲಿ ಮೇಲೇರಿ ಬರುವ ಪಿಸ್ಟನ್ನು ವಾಲ್ವಿಗೆ ಹೊಡೆದು ಸರ್ವನಾಶವಾಗುವುದೂ ಉಂಟು.

ವೇಗ ಹೆಚ್ಚಬೇಕಾದರೆ ಸ್ಪ್ರಿಂಗಿನ ಬಿಗಿ ಎಷ್ಟು ಹೆಚ್ಚಬೇಕು? ಇಲ್ಲಿಯ ಗಣಿತ ಬಡ್ಡಿಯ ಲೆಕ್ಕದಷ್ಟೇ ನಿಷ್ಠುರವಾದುದು. ಸುತ್ತು ಎರಡರಷ್ಟಾದರೆ ವಾಲ್ವನ್ನು ಹಿಡಿತದಲ್ಲಿಡಲು ಬೇಕಾಗುವ ಬಲ ನಾಲ್ಕರಷ್ಟಾಗುತ್ತದೆ. 5000 ಸುತ್ತಿನಿಂದ 6000ಕ್ಕೆ ಹೋದರೆ ವೇಗ ನೂರಕ್ಕೆ ಇಪ್ಪತ್ತು ಹೆಚ್ಚಿತು; ಬೇಕಾದ ಬಲ ನೂರಕ್ಕೆ ನಲವತ್ತನಾಲ್ಕು ಹೆಚ್ಚಿತು. ಹುಡುಗನ ಮನಸ್ಸಿನಲ್ಲಿದ್ದುದು 6500. ಅಲ್ಲಿಗೆ ನೂರಕ್ಕೆ ಅರುವತ್ತೊಂಬತ್ತು! “ಹಾಗಾದರೆ ಸಿಗುವುದರಲ್ಲೆಲ್ಲ ಗಟ್ಟಿಯಾದುದನ್ನೇ ತರಿಸೋಣ” ಎಂದು ಹುಡುಗನೆಂದನು. ಮೇಸ್ತ್ರಿಗಳು ನಕ್ಕು, “ಗಟ್ಟಿ ಸ್ಪ್ರಿಂಗನ್ನು ಒತ್ತುವವರು ಯಾರಪ್ಪ? ಆ ಕ್ಯಾಮೇ ಅಲ್ಲವೆ?” ಎಂದರು.

ಈ ಒಂದು ಮಾತಿನಲ್ಲಿ ವಿಷಯದ ತಿರುಳೆಲ್ಲ ಇತ್ತು. ಸ್ಪ್ರಿಂಗಿನ ಬಿಗಿ ಹೆಚ್ಚಿದಷ್ಟೂ ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ಮುಖವನ್ನು ಹೆಚ್ಚು ಒತ್ತಡದಿಂದ ಉಜ್ಜುತ್ತದೆ. ನಡುವಿನ ಎಣ್ಣೆಯ ಪೊರೆ ಹರಿದರೆ ಉಬ್ಬು ಸವೆದು ಚಪ್ಪಟೆಯಾಗುತ್ತದೆ. ನೂಕುವ ಕಡ್ಡಿ ಬಾಗಬಹುದು. ವಾಲ್ವಿನ ಪೀಠ ಬಡಿತ ತಿಂದು ತಗ್ಗಬಹುದು. ಕಾಯಲು ಇಟ್ಟವನೇ ಮನೆಯನ್ನು ಸವೆಸಿದಂತಾಗುತ್ತದೆ.

ಬಿಗಿಯೊಂದರಿಂದಲೇ ಕೆಲಸ ಸಾಗದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ವೀಣೆಯ ತಂತಿಗೆ ಒಂದು ಸ್ವರವಿರುವಂತೆ ಸ್ಪ್ರಿಂಗಿಗೂ ತನ್ನದೇ ಆದ ಕಂಪನವಿದೆ. ಕ್ಯಾಮಿನ ತಟ್ಟುವಿಕೆಯ ಲಯ ಅದಕ್ಕೆ ಹೊಂದಿಬಿಟ್ಟರೆ ಸುರುಳಿಗಳಲ್ಲಿ ಅಲೆಯೆದ್ದು ಓಡಾಡುವುದು. ಆ ಕ್ಷಣದಲ್ಲಿ ಸ್ಪ್ರಿಂಗಿನ ಹಿಡಿತ ತಪ್ಪುವುದು. ಇದಕ್ಕಾಗಿ ಕೆಲವರು ಒಂದರೊಳಗೊಂದು ಎರಡು ಸ್ಪ್ರಿಂಗುಗಳನ್ನಿಡುತ್ತಾರೆ. ಎರಡರ ಕಂಪನವೂ ಬೇರೆ ಬೇರೆ. ಒಂದು ಕುಣಿದರೆ ಇನ್ನೊಂದು ತಡೆಯುತ್ತದೆ. ಸುರುಳಿಗೆ ಸುರುಳಿ ಸಿಕ್ಕಿಕೊಳ್ಳದಂತೆ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಸುತ್ತಿರುತ್ತಾರೆ. ಈಚೆಗೆ ಮೇಲ್ತುದಿ ಕಿರಿದಾಗಿ ಜೇನುಗೂಡಿನ ಆಕಾರದಲ್ಲಿರುವ ಸ್ಪ್ರಿಂಗುಗಳೂ ಬಂದಿವೆ. ಮೇಲ್ತುದಿ ಕಿರಿದಾದರೆ ಅದರ ಮೇಲೆ ಕೂರುವ ತಟ್ಟೆಯೂ ಚಿಕ್ಕದಾಗಿ, ಸ್ಪ್ರಿಂಗು ಹೊರಬೇಕಾದ ಭಾರವೇ ಇಳಿಯುತ್ತದೆ. ಬಿಗಿಯನ್ನು ಹೆಚ್ಚಿಸುವುದಕ್ಕಿಂತ ಭಾರವನ್ನು ಇಳಿಸುವುದು ಲೇಸೆಂದು ಮೇಸ್ತ್ರಿಗಳ ಮತ. ಸಂಸಾರದಲ್ಲಿಯೂ ಇದು ಸಲ್ಲುವ ಮಾತೆಂದು ನನಗೆ ತೋರಿತು.

ದೊಡ್ಡ ದೊಡ್ಡ ತಜ್ಞರೂ ಈ ಸ್ಪ್ರಿಂಗಿನೊಡನೆ ಹೆಣಗಿದ್ದಾರೆ. ಮೊಟ್ಟಮೊದಲ ಮೋಟಾರುಗಳಲ್ಲಿ ಒಳವಾಲ್ವಿಗೆ ಕ್ಯಾಮೇ ಇರಲಿಲ್ಲ. ಪಿಸ್ಟನ್ನು ಕೆಳಗಿಳಿಯುವಾಗಿನ ಸೆಳೆತಕ್ಕೆ ಅದು ತಾನಾಗಿ ತೆರೆಯುತ್ತಿತ್ತು. ಸೆಳೆತಕ್ಕೆ ಮಣಿಯಬೇಕಾದುದರಿಂದ ಅದರ ಸ್ಪ್ರಿಂಗು ಬಲು ಮೃದುವಾಗಿರಬೇಕಿತ್ತು. ಹಾಗಾಗಿ ಆ ಇಂಜನುಗಳು ನಿಧಾನವಾಗಿಯೇ ತಿರುಗಬೇಕಾಯಿತು. 1954ರಲ್ಲಿ ಮರ್ಸಿಡಿಸ್ ಕಂಪನಿಯವರು ತಮ್ಮ ಪಂದ್ಯದ ಗಾಡಿಯಲ್ಲಿ ಸ್ಪ್ರಿಂಗನ್ನೇ ತೆಗೆದುಹಾಕಿ, ತೆರೆಯಲೊಂದು ಮುಚ್ಚಲೊಂದು ಎಂದು ಎರಡು ಕ್ಯಾಮುಗಳನ್ನಿಟ್ಟರು. ಆ ಗಾಡಿಯಲ್ಲಿ ಫಾಂಜಿಯೋ ಗೆದ್ದನು. 1986ರಲ್ಲಿ ರೆನೋ ಕಂಪನಿಯವರು ಉಕ್ಕಿನ ಸುರುಳಿಗೆ ಬದಲಾಗಿ ಒತ್ತಡದ ಅನಿಲವನ್ನೇ ಸ್ಪ್ರಿಂಗಾಗಿ ಮಾಡಿದರು. ಫಾರ್ಮುಲಾ ಒಂದು ಪಂದ್ಯದ ಇಂಜನುಗಳಲ್ಲಿ ಇಂದು ಅದೇ ಪದ್ಧತಿ. ನಮ್ಮಂಥವರ ಗಾಡಿಗೆ ಮಾತ್ರ ಉಕ್ಕಿನ ಸುರುಳಿಯೇ ಗತಿ.

ಮೇಸ್ತ್ರಿಗಳು ಹಳೆಯ ಸ್ಪ್ರಿಂಗುಗಳನ್ನು ಗಾಜಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಎಲ್ಲವೂ ಒಂದೇ ಎತ್ತರದಲ್ಲಿರಬೇಕಷ್ಟೆ. ಮೂರು ಕುಗ್ಗಿದ್ದುವು, ಒಂದು ಓರೆಯಾಗಿತ್ತು. ವರ್ಷಗಟ್ಟಲೆ ಶಾಖದಲ್ಲಿ ಕುಣಿದು ಅವು ಸೋತಿದ್ದುವು. ಹೆಚ್ಚಿನ ವೇಗ ಬೇಡವೆಂದರೂ ಇವನ್ನು ಬದಲಾಯಿಸಲೇಬೇಕಿತ್ತು. ಬಿಗಿ ಅಳೆಯುವ ರೀತಿಯೂ ಸರಳವಾದುದೇ. ಎಳೆತವಿದ್ದಷ್ಟು ಬಲವೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ನಡೆಯುವುದು. ಒಂದು ಮಿಲಿಮೀಟರು ಅಮುಕಲು 3 ಕಿಲೋಗ್ರಾಂ ಬೇಕಾದ ಸ್ಪ್ರಿಂಗೊಂದನ್ನು ಭಾವಿಸೋಣ. 8 ಮಿಲಿಮೀಟರು ಅಮುಕಿ ಕೂರಿಸಿದರೆ ಮುಚ್ಚಿದ ವಾಲ್ವಿನ ಮೇಲೆ 24 ಕಿಲೋಗ್ರಾಂ. ವಾಲ್ವು ಇನ್ನೂ 8 ಮಿಲಿಮೀಟರು ಇಳಿದು ತೆರೆದಾಗ 48. ಪೀಠವನ್ನು ಹೊಸದಾಗಿ ಕಡೆದಾಗ ವಾಲ್ವು ಒಂದು ಮಿಲಿಮೀಟರು ಒಳಕ್ಕೆ ಕುಳಿತರೆ ಸ್ಪ್ರಿಂಗು ಅಷ್ಟು ಸಡಿಲವಾಗಿ 3 ಕಿಲೋಗ್ರಾಂ ಹೋಯಿತು. ಕೆಳಗೆ ತೆಳ್ಳನೆಯ ಬಿಲ್ಲೆಯಿಟ್ಟು ಅದನ್ನು ಸರಿಪಡಿಸಬೇಕು. ಬಿಲ್ಲೆಗಳನ್ನು ಮನಸ್ಸು ಬಂದಂತೆ ಪೇರಿಸಿದರೆ, ವಾಲ್ವು ಪೂರ್ತಿ ತೆರೆಯುವ ಮುನ್ನವೇ ಸುರುಳಿಗೆ ಸುರುಳಿ ಕೂಡಿ ಕಬ್ಬಿಣದ ಗಟ್ಟಿಯಂತಾಗುವುದು. ಆಗ ಮುರಿಯುವುದು ಕಡ್ಡಿಯೋ ರಾಕರೋ ದೈವಕ್ಕೇ ಗೊತ್ತು.

ಒಂದು ಸಂಜೆ ಮೂವರೂ ಕುಳಿತು ಮಾತಾಡಿದೆವು. ನಾನು ಕೇಳಿದುದು ಒಂದೇ ಪ್ರಶ್ನೆ: “6500 ಸುತ್ತು ತಿರುಗಿದರೆ ಶಕ್ತಿ ಹೆಚ್ಚುತ್ತದೆಯೆ?” ಮೇಸ್ತ್ರಿಗಳೆಂದರು: “ಸ್ಪ್ರಿಂಗು ಶಕ್ತಿ ಕೊಡುವುದಿಲ್ಲ, ಸ್ವಾಮಿ, ತಿರುಗುವುದಕ್ಕೆ ಅಪ್ಪಣೆ ಕೊಡುತ್ತದೆ ಅಷ್ಟೆ. ಕಾರ್ಬುರೇಟರಿಗೂ ಕ್ಯಾಮಿಗೂ ಅಷ್ಟು ಉಸಿರೆಳೆಯುವ ಯೋಗ್ಯತೆ ಇಲ್ಲದಿದ್ದರೆ ಮೇಲಿನ ಸುತ್ತೆಲ್ಲ ಬರಿಯ ಸದ್ದು. ಪಿಸ್ಟನ್ನು ಹಿಡಿದ ಕನೆಕ್ಟಿಂಗ್ ರಾಡಿಗೂ ಅದರ ಬೋಲ್ಟುಗಳಿಗೂ ಇದೇ ವರ್ಗದ ಲೆಕ್ಕ. ವಾಲ್ವು ತೇಲಿದರೆ ಗಾಡಿ ಎಚ್ಚರಿಕೆ ಕೊಡುತ್ತದೆ. ಬೋಲ್ಟು ಹೋದರೆ ಎಚ್ಚರಿಕೆಯೇ ಇರುವುದಿಲ್ಲ.” ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಬೋಲ್ಟುಗಳು ಹೊಸವು ಬರಲಿ, ಸ್ಪ್ರಿಂಗು 6000ಕ್ಕೆ ಸಾಕಾಗುವಷ್ಟೇ ಇರಲಿ, ಉಳಿದ ಹಣದಲ್ಲಿ ಬ್ರೇಕು ಮಾಡಿಸೋಣ” ಎಂದು ತಾನೇ ಹೇಳಿದನು. ನಾನು ಹೂಂ ಎಂದುದು ಆ ಮಾತಿಗೆ. ಮಿತಿಯನ್ನು ನಾವು ಹೇರಿದ್ದರೆ ಅದನ್ನು ಮುರಿಯುವುದರಲ್ಲಿ ಅವನಿಗೆ ಸುಖವಿರುತ್ತಿತ್ತು. ತಾನೇ ಲೆಕ್ಕಮಾಡಿ ಇಟ್ಟುಕೊಂಡ ಮಿತಿಯ ಮೇಲೆ ಅವನಿಗೆ ಅಭಿಮಾನ ಬಂದಿತ್ತು.

ಇಂಜನು ಕಟ್ಟಿ ಮುಗಿಯಿತು. ಕ್ಯಾಮೂ ಟ್ಯಾಪೆಟ್ಟುಗಳೂ ಹೊಸವು. ಬಿಗಿಯಾದ ಸ್ಪ್ರಿಂಗಿನ ಕೆಳಗೆ ಅವು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ಗಳಿಗೆಯೇ ಕಠಿಣವಾದುದು. ಚಾಲೂ ಆದೊಡನೆ ನಿಧಾನಕ್ಕೆ ಬಿಡದೆ, ಕ್ಯಾಮಿಗೆ ಎಣ್ಣೆ ಧಾರಾಳವಾಗಿ ಎರಚುವಂತೆ, ಇಪ್ಪತ್ತು ನಿಮಿಷ 2000 ಸುತ್ತಿನ ಸುಮಾರಿಗೆ ತಿರುಗಿಸಿದರು. ಹೊಗೆಯಿಲ್ಲ, ಬಡಿತವಿಲ್ಲ. ಹುಡುಗನ ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದು, “ಅವರಿದ್ದಾಗ ಇದರ ಸದ್ದು ಹೀಗೇ ಇತ್ತು” ಎಂದು ಒಳಗೆ ಹೋದಳು.

ಮಳೆ ಕಳೆದ ಮೇಲೆ ಹುಡುಗನು ಕಣದಲ್ಲಿ ಗಾಡಿ ಓಡಿಸಿದನು. ಹೊಸ ಗಾಡಿಗಳ ಮುಂದೆ ಪದ್ಮಿನಿಗೆ ಬಹುಮಾನವೆಲ್ಲಿಂದ ಬರಬೇಕು! ಸಾಲಿನಲ್ಲಿ ಕಡೆಯವರ ಹತ್ತಿರ ಇದ್ದನು. ಆದರೆ ಮೂರು ಓಟಗಳನ್ನೂ ಪೂರೈಸಿ, ಅದೇ ಗಾಡಿಯಲ್ಲಿ ಕುಳಿತು ಮನೆಗೆ ಬಂದನು; ಬೇರೆ ಇಬ್ಬರ ಗಾಡಿಗಳು ಲಾರಿಯ ಮೇಲೆ ಹೋದುವಂತೆ. ಈಗಲೂ ಅವನು ಗಾಡಿ ಹೊರಡಿಸಿದಾಗಲೆಲ್ಲ ಅವನ ಸ್ನೇಹಿತರು ಎಷ್ಟು ಸುತ್ತು, ಎಷ್ಟು ವೇಗ ಎಂದು ಕೇಳುತ್ತಾರೆ. ತಾಯಿ ಕೇಳುವುದು ಒಂದೇ: “ಎಷ್ಟು ಹೊತ್ತಿಗೆ ಬರುತ್ತೀಯಪ್ಪ?” ಹೇಳಿದ ಹೊತ್ತಿಗೆ ಹುಡುಗನು ಬರುತ್ತಾನೆ.